ವಾದಿಸಿದ ಹೆಣ್ಣುಮಕ್ಕಳು

ಚರ್ಚಾಸ್ಪರ್ಧೆಗೆ ಹೆಸರು ಕೊಡಿ ಎಂದರೆ ತರಗತಿಗೇ ಮೊದಲಿಗಳಾದ ಹುಡುಗಿಯೂ ತಲೆ ತಗ್ಗಿಸುತ್ತಾಳೆ. "ನಾಲ್ಕು ಜನರ ಮುಂದೆ ಹೆಣ್ಣುಮಗಳು ವಾದ ಮಾಡುವುದೇ?" ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಪವಿತ್ರ ಕುರ್‌ಆನಿನ 58ನೇ ಅಧ್ಯಾಯದ ಹೆಸರು 'ಅಲ್ ಮುಜಾದಿಲ', ಅಂದರೆ ವಾದಿಸುವವಳು. ಪತಿಯಿಂದಾದ ಅನ್ಯಾಯವನ್ನು ಹಝ್ರತ್ ಖೌಲಾ (ರ) ಅವರು ಪ್ರವಾದಿಯವರ (ಸ) ಮುಂದಿಟ್ಟು ವಾದಿಸಿದರು. ಅವರ ಅಹವಾಲಿಗೆ ಉತ್ತರವಾಗಿ 'ಝಿಹಾರ್' ಎಂಬ ಹಳೆಯ ಪದ್ಧತಿಯನ್ನು ಖಂಡಿಸುವ ವಚನಗಳು ಅವತೀರ್ಣವಾದವು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಗುಂಡ್ಲುಪೇಟೆಯಿಂದ 1957ರಲ್ಲಿ ಮೊದಲ ಬಾರಿ ಗೆದ್ದ ಕೆ.ಎಸ್. ನಾಗರತ್ನಮ್ಮನವರು ಒಟ್ಟು ಏಳು ಬಾರಿ ಶಾಸಕಿಯಾದರು. 1972ರಿಂದ 1978ರವರೆಗೆ ಅವರು ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗಲೂ, 1974ರಲ್ಲಿ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಯಾದಾಗಲೂ ಆ ಪೀಠದಲ್ಲಿದ್ದವರು ಅವರೇ. ಗಂಡಸರೇ ತುಂಬಿದ್ದ ಸಭೆಯಲ್ಲಿ ಯಾರು ಯಾವಾಗ ಮಾತಾಡಬೇಕೆಂದು ಅಪ್ಪಣೆ ಕೊಟ್ಟವರು ನಮ್ಮ ತಾಲ್ಲೂಕು ಆರಿಸಿ ಕಳಿಸಿದ ಹೆಣ್ಣುಮಗಳು!

2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಅವರು ಕಥೆಗಾರ್ತಿಯಷ್ಟೇ ಅಲ್ಲ, ವಕೀಲರೂ ಹೌದು.

ವಾದವೆಂದರೆ ಜಗಳವಲ್ಲ. ಎದುರಿನವರ ಮಾತನ್ನು ಪೂರ್ತಿ ಕೇಳಿ, ಆಧಾರ ಸಹಿತ ಉತ್ತರಿಸುವ ಅಭ್ಯಾಸ ಅದು. ನಾಳೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗ್ರಾಮಸಭೆಯಲ್ಲಿ ತನ್ನ ಹಕ್ಕು ಕೇಳಲು ಈ ಅಭ್ಯಾಸವೇ ಬೇಕು. ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಈ ವರ್ಷ ಮಗಳ ಹೆಸರನ್ನು ನೀವೇ ಬರೆಸಿ. ಸ್ಪರ್ಧೆಯ ದಿನ ಮುಂದಿನ ಸಾಲಿನಲ್ಲಿ ಕುಳಿತು ಕೇಳಿ.