ಏಫೆಕ್ಸ್ ಟ್ವಿನ್ ಎಂಬ ಪ್ರಕಾಶಕ: ರೆಫ್ಲೆಕ್ಸ್ ಲೇಬಲ್‌ನ 23 ವರ್ಷ

ಬ್ರಿಟನ್ನಿನ ಟೆಕ್ನೋ ಚರಿತ್ರೆ ಬರೆಯುವವರು ಏಫೆಕ್ಸ್ ಟ್ವಿನ್, ಅಂದರೆ ರಿಚರ್ಡ್ ಡಿ. ಜೇಮ್ಸ್ ಅವರನ್ನು ಬಹುಪಾಲು ವಾರ್ಪ್ ಕಂಪನಿ ಹೊರತಂದ ಆಲ್ಬಮ್‌ಗಳಿಂದಲೇ ಅಳೆಯುತ್ತಾರೆ. ಆ ಅಳತೆ ಸಾಲದು. ಗ್ರಾಂಟ್ ವಿಲ್ಸನ್-ಕ್ಲಾರಿಜ್ ಎಂಬ ಗೆಳೆಯನೊಡನೆ ಅವರು 1991ರಲ್ಲಿ ಕಟ್ಟಿದ ರೆಫ್ಲೆಕ್ಸ್ ಲೇಬಲ್‌ನ ಪಟ್ಟಿ ತೆರೆದರೆ, ಸಂಗೀತಗಾರನ ಜೊತೆಗೆ ಕಿವಿ ಚುರುಕಾದ ಒಬ್ಬ ಪ್ರಕಾಶಕನೂ ಎದುರಾಗುತ್ತಾನೆ.

ಜೇಮ್ಸ್ ಹುಟ್ಟಿದ್ದು 1971ರಲ್ಲಿ, ಐರ್ಲೆಂಡಿನ ಲಿಮರಿಕ್‌ನಲ್ಲಿ. ಬೆಳೆದದ್ದು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ, ತವರ–ತಾಮ್ರದ ಗಣಿಗಳ ಸೀಮೆಯಾಗಿದ್ದ ಕಾರ್ನ್‌ವಾಲ್‌ನ ಲ್ಯಾನರ್ ಹಳ್ಳಿಯಲ್ಲಿ. ಲಂಡನ್, ಮ್ಯಾಂಚೆಸ್ಟರ್‌ಗಳ ಕ್ಲಬ್ಬುಗಳು ಅಲ್ಲಿಗೆ ಬಲು ದೂರ. ಊರ ಹುಡುಗರೇ ಪಬ್ಬುಗಳಲ್ಲಿ, ಕಡಲತೀರದಲ್ಲಿ ಪಾರ್ಟಿ ನಡೆಸುತ್ತಿದ್ದರು. ಜೇಮ್ಸ್ ಡಿಜೆಯಾಗಿ ಪಳಗಿದ್ದು ಅಲ್ಲಿಯೇ. ಮೊದಲ ರೆಕಾರ್ಡ್ ‘ಅನಲಾಗ್ ಬಬಲ್‌ಬಾತ್’ ಅನ್ನು 1991ರಲ್ಲಿ ಎಕ್ಸೆಟರ್‌ನ ಮೈಟಿ ಫೋರ್ಸ್ ಹೊರತಂದಿತು.

ರೆಫ್ಲೆಕ್ಸ್‌ನ ಮೂಲ ಹಂಬಲ ಆ್ಯಸಿಡ್ ಸಂಗೀತವನ್ನು ಮುಂದಕ್ಕೆ ಒಯ್ಯುವುದು. ಆ್ಯಸಿಡ್‌ನ ಜೀವ ಇದ್ದದ್ದು ಜಪಾನಿನ ರೋಲಂಡ್ ಕಂಪನಿಯ ಟಿಬಿ-303ರಲ್ಲಿ. ಬೆಳ್ಳಿ ಬಣ್ಣದ ಆ ಪುಟ್ಟ ಪೆಟ್ಟಿಗೆಯನ್ನು ಬೇಸ್ ಗಿಟಾರ್ ವಾದಕನ ಬದಲಿಗೆ ಎಂದು 1981ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಯಾರೂ ಮೆಚ್ಚಲಿಲ್ಲ, ಮೂರೇ ವರ್ಷದಲ್ಲಿ ತಯಾರಿಕೆ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಶಿಕಾಗೋದ ಯುವಕರು ಕೊಂಡು, ಸ್ವರ ಓಡುತ್ತಿರುವಾಗಲೇ ಅದರ ತಿರುಪುಗಳನ್ನು ತಿರುಗಿಸಿದರು. ಬೇಸ್ ಕೀರಲಾಯಿತು, ಬುಳಬುಳನೆ ಕುದಿಯಿತು. ಫ್ಯೂಚರ್ ತಂಡದ ‘ಆ್ಯಸಿಡ್ ಟ್ರ್ಯಾಕ್ಸ್’ (1987) ಹುಟ್ಟಿದ್ದು ಹೀಗೆ. ಕೆಲವೇ ವರ್ಷಗಳಲ್ಲಿ ಆ ಗೀಳು ಇಳಿಯಿತು. ಆಗಲೂ ರೆಫ್ಲೆಕ್ಸ್ ಅದನ್ನು ಕೈಬಿಡಲಿಲ್ಲ.

1992ರಲ್ಲಿ ಜೇಮ್ಸ್ ಅವರ ‘ಸೆಲೆಕ್ಟೆಡ್ ಆ್ಯಂಬಿಯೆಂಟ್ ವರ್ಕ್ಸ್ 85–92’ ಬಂತು. ಮರುವರ್ಷವೇ ವಾರ್ಪ್‌ನೊಂದಿಗೆ ಒಪ್ಪಂದವೂ ಆಯಿತು. ಹೆಸರು ಬಂದ ಮೇಲೆ ಸ್ವಂತ ಲೇಬಲ್ಲನ್ನು ಮೂಲೆಗೆ ತಳ್ಳುವುದು ಸುಲಭವಿತ್ತು. ಆದದ್ದು ಬೇರೆ. 1993ರಲ್ಲಿ ಮೈಕ್ ಪ್ಯಾರಡಿನಾಸ್ (ವೇದಿಕೆಯ ಹೆಸರು ಮ್ಯೂಸಿಕ್) ಅವರ ಚೊಚ್ಚಲ ಆಲ್ಬಮ್, 1996ರಲ್ಲಿ ಸ್ಕ್ವೇರ್‌ಪುಷರ್ ಅವರ ‘ಫೀಡ್ ಮಿ ವಿಯರ್ಡ್ ಥಿಂಗ್ಸ್’, 1998ರಲ್ಲಿ ಇರಾನ್ ಮೂಲದ ಲೈಲಾ ಅರಬ್ ಅವರ ‘ಲೈಕ್ ವೆದರ್’ ಇಲ್ಲಿಂದಲೇ ಹೊರಬಂದವು. ಒಂದರ ಸದ್ದು ಇನ್ನೊಂದರಲ್ಲಿಲ್ಲ. ಡೆಟ್ರಾಯ್ಟ್‌ನ ಡ್ರೆಕ್ಸಿಯಾ ತಂಡದ ಜೇಮ್ಸ್ ಸ್ಟಿನ್ಸನ್ 2002ರಲ್ಲಿ ತೀರಿಕೊಂಡರು. ಅದೇ ವರ್ಷ ಟ್ರಾನ್ಸ್‌ಲ್ಯೂಷನ್ ಎಂಬ ಹೆಸರಿನಲ್ಲಿ ಅವರು ಮಾಡಿದ ಆಲ್ಬಮ್ಮೊಂದನ್ನು ರೆಫ್ಲೆಕ್ಸ್ ಪ್ರಕಟಿಸಿತ್ತು.

ಈ ಕಿವಿಯ ಚುರುಕಿಗೆ ಅತ್ಯುತ್ತಮ ಸಾಕ್ಷಿ 2004ರ ‘ಗ್ರೈಮ್’ ಸಂಕಲನಗಳು. ಎರಡನೆಯದರಲ್ಲಿ ಕೋಡ್9, ಡಿಜಿಟಲ್ ಮಿಸ್ಟಿಕ್ಸ್, ಲೋಫಾ ಇದ್ದರು. ದಕ್ಷಿಣ ಲಂಡನ್ನಿನಲ್ಲಿ ಆಗಷ್ಟೇ ರೂಪುಗೊಳ್ಳುತ್ತಿದ್ದ ಅವರ ಸಂಗೀತ ಪ್ರಕಾರ ಡಬ್‌ಸ್ಟೆಪ್ ಲೋಕಪ್ರಿಯವಾಗಲು ಇನ್ನೂ ಕೆಲವು ವರ್ಷ ಬೇಕಿತ್ತು.

ಜೇಮ್ಸ್ ತಮ್ಮ ‘ಅನಲಾರ್ಡ್’ ಸರಣಿಯನ್ನೂ ರೆಫ್ಲೆಕ್ಸ್‌ಗೇ ಕೊಟ್ಟರು. ಹಳೆಯ ಅನಲಾಗ್ ಯಂತ್ರಗಳನ್ನು ನೆಚ್ಚಿ ಮಾಡಿದ ಹನ್ನೊಂದು ವಿನೈಲ್ ರೆಕಾರ್ಡುಗಳು. ಮೊದಲು ಅಂಗಡಿಗೆ ಬಂದದ್ದು ಹತ್ತನೆಯ ಸಂಖ್ಯೆ! ಜೊತೆಗೆ ಚರ್ಮದಂತೆ ಕಾಣುವ ದಪ್ಪ ಬೈಂಡರ್. ಉಳಿದವು ಬಂದ ಹಾಗೆಲ್ಲ ಕೇಳುಗರು ಅದರೊಳಗೆ ಜೋಡಿಸಿಕೊಂಡು ಹೋಗಬೇಕಿತ್ತು. ಹಾಡುಗಳು ಫೈಲ್‌ಗಳಾಗಿ ಕರಗುತ್ತಿದ್ದ ಹೊತ್ತಿನಲ್ಲಿ ರೆಕಾರ್ಡನ್ನು ಕೈಯಲ್ಲಿ ಹಿಡಿಯುವ ವಸ್ತುವಾಗಿ ಉಳಿಸಿದ ಈ ನಿರ್ಧಾರ ಪ್ರಕಾಶಕನದ್ದೇ.

2014ರಲ್ಲಿ ಲೇಬಲ್ ಮುಚ್ಚಿತು. ರೆಫ್ಲೆಕ್ಸ್‌ಗಾಗಿ 1994ರಲ್ಲಿ ಜೇಮ್ಸ್ ಸಿದ್ಧಪಡಿಸಿ ಬಿಡುಗಡೆ ಮಾಡದೆ ಬಿಟ್ಟಿದ್ದ ‘ಕಾಸ್ಟಿಕ್ ವಿಂಡೋ’ ಆಲ್ಬಮ್‌ನ ಪರೀಕ್ಷಾ ಪ್ರತಿಯೊಂದು ಅದೇ ವರ್ಷ ಹರಾಜಿನಲ್ಲಿ 46,300 ಡಾಲರ್‌ಗೆ ಹೋಯಿತು. ವಾರ್ಪ್‌ನಿಂದ ಬಂದ ಜೇಮ್ಸ್ ಅವರ ‘ಸೈರೋ’ ಆಲ್ಬಮ್ಮಿಗೆ ಮರುವರ್ಷ ಗ್ರ್ಯಾಮಿ ದೊರೆಯಿತು, ಪತ್ರಿಕೆಗಳ ತುಂಬ ಅದರದ್ದೇ ಸುದ್ದಿ. ರೆಫ್ಲೆಕ್ಸ್‌ನ ಆಯ್ಕೆಗಳ ಬೆಲೆ ತಿಳಿಯುವುದು ಇನ್ನೂ ತಡವಾಯಿತು: ‘ಫೀಡ್ ಮಿ ವಿಯರ್ಡ್ ಥಿಂಗ್ಸ್’ ಅನ್ನು 25 ವರ್ಷಗಳ ನಂತರ, 2021ರಲ್ಲಿ, ಮರುಬಿಡುಗಡೆ ಮಾಡಿದ್ದು ವಾರ್ಪ್ ಕಂಪನಿಯೇ.