ಬನವಾಸಿಯ ಸೆಟ್ಟಿ ಕಾರ್ಲಾದಲ್ಲಿ ಏನು ಮಾಡ್ತಿದ್ದ?

ನಮ್ಮೂರ ದೇವಸ್ಥಾನದಲ್ಲಿ ಪ್ರತಿ ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರಿದೆ. ಬೆಳಕಿಗಿಂತ ಅಕ್ಷರವೇ ಜಾಸ್ತಿ ಅಂತ ಚಿಕ್ಕಂದಿನಲ್ಲಿ ನಗ್ತಿದ್ವಿ. ಕಾರ್ಲಾ ಗುಹೆಗೆ ಹೋಗಿಬಂದ ಮೇಲೆ ಆ ನಗು ನಿಂತಿದೆ.

ಪುಣೆಗೆ ಕೆಲಸಕ್ಕೆ ಬಂದು ನಾಲ್ಕು ವರ್ಷವಾದರೂ ಕಾರ್ಲಾ ನೋಡಿರಲಿಲ್ಲ. ಹೋಗಿದ್ದೂ ಇತಿಹಾಸದ ಹುಚ್ಚಿಗಲ್ಲ. ನನ್ನ ಟೀಮಿನ ಮರಾಠಿ ಗೆಳತಿಗೆ ಏಕವೀರಾ ಮನೆದೇವರು. ಹರಕೆ ತೀರಿಸಬೇಕು, ಜೊತೆಗೆ ಬಾ ಅಂದಳು. ಬೆಳಿಗ್ಗೆ ಲೋಣಾವಳಾ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿದ್ವಿ. ಸ್ಟೇಷನ್ನಿನ ಒಂದು ಕಡೆಯ ಗುಡ್ಡದಲ್ಲಿ ಭಾಜಾ, ಇನ್ನೊಂದು ಕಡೆ ಕಾರ್ಲಾ. ಆಟೋ ಹಿಡಿದು, ಆಮೇಲೆ ಹೂವು, ತೆಂಗಿನಕಾಯಿ, ಚಿಕ್ಕಿ ಮಾರುವ ಅಂಗಡಿಗಳ ನಡುವೆ ಮೆಟ್ಟಿಲು ಹತ್ತಿದರೆ, ಮೇಲೆ ಮೊದಲು ಕಾಣೋದು ಏಕವೀರಾ ಗುಡಿ. ಅದರ ಬೆನ್ನಿಗೇ ಬೌದ್ಧರ ಮಹಾಚೈತ್ಯ. ಅವಳು ದರ್ಶನದ ಸಾಲಿಗೆ ಹೋದಳು, ನಾನು ಟಿಕೆಟ್ ತಗೊಂಡು ಒಳಗೆ ಹೋದೆ.

ಒಳಗೆ ಕಾಲಿಟ್ಟವರು ಮೊದಲು ಮಾಡೋ ಕೆಲಸ ಕತ್ತೆತ್ತೋದು. ಸುಮಾರು 14 ಮೀಟರ್ ಎತ್ತರದ ಕಮಾನು. ಎಡಬಲಕ್ಕೆ 15ರಂತೆ 30 ಕಂಬ, ಕೊನೆಯಲ್ಲಿ ಸ್ತೂಪದ ಹಿಂದೆ ಸರಳವಾದ ಇನ್ನೂ ಏಳು. ಭಾರತದಲ್ಲಿ ಬಂಡೆ ಕೊರೆದು ಮಾಡಿದ ಚೈತ್ಯಗಳಲ್ಲಿ ಇದೇ ದೊಡ್ಡದು. ಕಮಾನಿನ ಉದ್ದಕ್ಕೂ ಪಕ್ಕೆಲುಬಿನ ಹಾಗೆ ಮರದ ತೊಲೆಗಳಿವೆ; ಅವೂ ಸುಮಾರು 2000 ವರ್ಷ ಹಳೆಯವು. ತಮಾಷೆ ಅಂದ್ರೆ ಆ ತೊಲೆಗಳು ಏನನ್ನೂ ಹೊತ್ತಿಲ್ಲ. ಬಂಡೆಗೆ ಆಧಾರವೇ ಬೇಕಿಲ್ಲವಲ್ಲ! ಅದಕ್ಕೂ ಮುಂಚೆ ಇಂಥ ಸಭಾಂಗಣಗಳನ್ನು ಮರದಲ್ಲಿ ಕಟ್ಟುತ್ತಿದ್ದರು. ಕಲ್ಲಿಗೆ ಬಂದ ಮೇಲೂ ಹಳೇ ಮನೆಯ ನೆನಪು ಬಿಡಲಿಲ್ಲ. ಪಕ್ಕದ ಭಾಜಾದಲ್ಲಿ ಇನ್ನೂ ಸ್ಪಷ್ಟ: ಅಲ್ಲಿನ ಕಂಬಗಳು ಮರದ ಕಂಬಗಳಂತೆ ಒಳಕ್ಕೆ ವಾಲಿಕೊಂಡೇ ಇವೆ.

ನಾನು ಹುಡುಕುತ್ತಾ ಹೋಗಿದ್ದು ಮಾತ್ರ ಒಂದು ಸಾಲನ್ನು. ಹೊರಡುವ ಹಿಂದಿನ ರಾತ್ರಿ ಕಾರ್ಲಾ ಬಗ್ಗೆ ಓದುವಾಗ ಸಿಕ್ಕಿತ್ತು. ಮೊಗಸಾಲೆಯ ಎಡತುದಿಯಲ್ಲಿ, ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿ: ವೈಜಯಂತಿಯ ಶ್ರೇಷ್ಠಿ ಭೂತಪಾಲ ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದ ಅಂತ. ವೈಜಯಂತಿ ಅಂದ್ರೆ ನಮ್ಮ ಬನವಾಸಿ. ಕದಂಬರ ತಾಮ್ರಶಾಸನಗಳಲ್ಲೂ ರಾಜಧಾನಿಗೆ ಇದೇ ಹೆಸರು. ನಾನು ಶಿರಸಿಯ ಕಡೆಯವನು. ಎದೆ ಉಬ್ಬಿತು ಅಂತ ಒಪ್ಕೊಳ್ತೀನಿ. ಗೆಳತಿ ಪ್ರಸಾದ ಹಿಡ್ಕೊಂಡು ಬಂದಾಗ, "ಇದನ್ನ ಕಟ್ಟಿಸಿದ್ದು ನಮ್ಮೂರವನು" ಅಂದೆ. ಅವಳು ನಕ್ಕು, "ನಮ್ಮ ದೇವರ ಹಿತ್ತಲಲ್ಲಿ ನಿಮ್ಮೂರವನಿಗೇನು ಕೆಲಸ?" ಅಂದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹುಡುಕುತ್ತಾ ಕಂಬಗಳ ಹತ್ತಿರ ಹೋದರೆ ನನ್ನ ಜಂಬ ಒಂದೊಂದೇ ಮೆಟ್ಟಿಲು ಇಳೀತು. ಯಾಕಂದ್ರೆ ಕಂಬಗಳ ಮೇಲೆ ಬೇರೆ ಬೇರೆಯವರ ಹೆಸರಿದೆ. ಧೇನುಕಾಕಟ ಅನ್ನೋ ಊರಿನ ಯವನ ಸೀಹಧಯನದು ಒಂದು ಕಂಬ. ಅದೇ ಊರಿನ ಇತರ ಯವನರದೂ ಇವೆ. ಯವನರು ಅಂದ್ರೆ ಗ್ರೀಕ್ ಮೂಲದವರು. ಸೋಪಾರದಿಂದ ಬಂದ ಸಾತಿಮಿತ ಅನ್ನೋ ಧರ್ಮಪಾಠಕನದು ಇನ್ನೊಂದು ಕಂಬ. ಬಾಗಿಲು ಗಂಧದ ವ್ಯಾಪಾರಿ ಸೀಹದತನ ದಾನ. ಬಾಗಿಲ ಕೆಲಸ ಮಾಡಿದ ಬಡಗಿ, ವೇಣುವಾಸನ ಮಗ ಸಾಮಿ, ತನ್ನ ಹೆಸರನ್ನೂ ಬರೆಸಿದ್ದಾನೆ. ಘುನಿಕನ ತಾಯಿ, ಭಿಕ್ಷುಣಿ ಕೋಡಿ, ಕಟಾಂಜನ ಮಾಡಿಸಿದ್ದಾಳೆ. ಹೊರಗಿನ ಸಿಂಹಸ್ತಂಭ ಒಬ್ಬ ಮಹಾರಥಿಯದು. ಶಕ ಕ್ಷತ್ರಪ ನಹಪಾನನ ಅಳಿಯ ಉಷವದಾತ ಇಲ್ಲಿನ ಭಿಕ್ಷುಗಳ ಖರ್ಚಿಗೆ ಕರಜಿಕ ಅನ್ನೋ ಹಳ್ಳಿ ಬಿಟ್ಟುಕೊಟ್ಟ. ಶಕರನ್ನು ಸೋಲಿಸಿದ ಶಾತವಾಹನರು ಅದೇ ಹಳ್ಳಿಯನ್ನು ಮತ್ತೆ ದಾನ ಕೊಟ್ಟರು. ರಾಜರು ಬಡಿದಾಡಿಕೊಂಡರು, ಭಿಕ್ಷುಗಳ ಊಟ ನಿಲ್ಲಲಿಲ್ಲ.

ಅಂದ್ರೆ ಇದು ಯಾರೋ ಒಬ್ಬ ಕಟ್ಟಿಸಿದ್ದಲ್ಲ, ಚಂದಾ ಎತ್ತಿ ಮಾಡಿದ್ದು. ಹಾಗಿದ್ದರೆ ಭೂತಪಾಲ ಹೇಳಿದ್ದು ಬಡಾಯಿಯೇ? ಅವನ ಪದವನ್ನು ಮತ್ತೊಮ್ಮೆ ನೋಡಿ. ಅವನು ಕಟ್ಟಿಸಿದೆ ಅನ್ನಲಿಲ್ಲ, ಪೂರ್ಣಗೊಳಿಸಿದೆ ಅಂದ. ಬಂಡೆಯಲ್ಲಿ ಕೊರೆಯೋದು ಇಟ್ಟಿಗೆ ಜೋಡಿಸಿದ ಹಾಗಲ್ಲ. ಮೇಲಿನಿಂದ ಕೆಳಕ್ಕೆ ಕಡಿದುಕೊಂಡು ಬರಬೇಕು, ತಪ್ಪಾದರೆ ತೇಪೆ ಹಾಕೋ ಹಾಗಿಲ್ಲ, ನಡುವೆ ದುಡ್ಡು ಮುಗಿದರೆ ಅರೆಬರೆ ಗುಹೆ ಹಾಗೇ ಉಳಿಯುತ್ತೆ. ಕಂಬಕ್ಕೆ ಹೆಸರಾದರೂ ಸಿಗುತ್ತೆ. ಕಂಬಗಳ ನಡುವೆ ಕಡಿದು ಹೊರಗೆ ಹಾಕಿದ ಕಲ್ಲಿಗೆ ಯಾರ ಹೆಸರು ಬರೆಯೋದು? ಯಾರಾದರೂ ಅದರ ಖರ್ಚನ್ನೂ ಕೊಡಲೇಬೇಕಿತ್ತು. ಆ ಕೊನೆಯ ಲೆಕ್ಕ ಚುಕ್ತಾ ಮಾಡಿದವನು ಈ ಸೆಟ್ಟಿ ಅಂತ ನನ್ನ ಊಹೆ. ಪ್ರಾಜೆಕ್ಟು ಶುರು ಮಾಡೋರು ಸಾವಿರ ಜನ, ಮುಗಿಸೋರು ಯಾರು ಅನ್ನೋದು ನಮಗೆಲ್ಲ ಗೊತ್ತಲ್ಲ.

ಅವನು ಇಷ್ಟು ದೂರ ಯಾಕೆ ಬಂದ ಅನ್ನೋದು ಗುಡ್ಡದ ಅಂಚಲ್ಲಿ ನಿಂತರೆ ತಿಳಿಯುತ್ತೆ. ಕೆಳಗೆ ಎಕ್ಸ್‌ಪ್ರೆಸ್‌ವೇ, ರೈಲು ಹಳಿ, ಹಳೇ ಹೆದ್ದಾರಿ, ಮೂರೂ ಒಂದೇ ಕಣಿವೆಯಲ್ಲಿ ಬೋರ್ ಘಾಟಿನ ಕಡೆ ಹೋಗ್ತವೆ. ಆಗಲೂ ಕಲ್ಯಾಣ, ಸೋಪಾರದ ಬಂದರುಗಳಿಂದ ದಖ್ಖನ್ ಹತ್ತುವ ಸಾರ್ಥಗಳಿಗೆ ಇದೇ ದಾರಿ. ವಿಹಾರಗಳು ದಾರಿ ಬದಿಯಲ್ಲೇ ಇರೋದು ಕಾಕತಾಳೀಯ ಅಲ್ಲ.

ಊಟ ಮಾಡುವಾಗ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಬನವಾಸಿ ಬಿಟ್ಟು ಅಲ್ಲೇನು ಮಾಡ್ತಿದ್ನಂತೆ?" ಅಂದ್ರು. "ವ್ಯಾಪಾರ ಇರಬೇಕು." "ಹಂಗಾದ್ರೆ ನಿನ್ ಹಂಗೇ," ಅಂತ ಫೋನಿಟ್ರು.

ನನ್ನ ಹಾಗೇನಲ್ಲ. ಮಯೂರಶರ್ಮನಿಗೂ, ಹಲ್ಮಿಡಿ ಶಾಸನಕ್ಕೂ ಎಷ್ಟೋ ತಲೆಮಾರು ಮೊದಲಿನವನು ಅವನು. ಅವನನ್ನು ಕನ್ನಡಿಗ ಅಂತ ಕರೆಯೋಕೆ ನನ್ನ ಹತ್ತಿರ ಪುರಾವೆ ಇಲ್ಲ, ಅವನು ಬಿಟ್ಟುಹೋದ ಸಾಲು ಪ್ರಾಕೃತದ್ದು. ಗೆಳತಿಗೂ ಅದನ್ನೇ ಹೇಳಿ, ಬೆಳಗಿನ ಮಾತು ವಾಪಸ್ ತಗೊಂಡೆ.

ದೀಪಾವಳಿಗೆ ಊರಿಗೆ ಹೋದಾಗ ಬನವಾಸಿಗೂ ಹೋದೆ. ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗರಕಲ್ಲಿದೆ. ಚಿಕ್ಕಂದಿನಿಂದ ನೋಡಿದ್ದೆ, ಅಂಚಿನ ಅಕ್ಷರ ಏನು ಹೇಳುತ್ತೆ ಅಂತ ಕೇಳಿರಲಿಲ್ಲ. ಅದೂ ಪ್ರಾಕೃತ. ಚುಟು ರಾಜಕುಮಾರಿಯೊಬ್ಬಳು ಆ ನಾಗ, ಒಂದು ಕೆರೆ, ಒಂದು ವಿಹಾರ ದಾನ ಕೊಟ್ಟಳಂತೆ, ಕೆತ್ತಿದವನು ನಟಕ. ನಾಗ ಎದುರಿಗೇ ಇತ್ತು. ವಿಹಾರ ಎಲ್ಲಿ ಅಂತ ಅಲ್ಲಿದ್ದ ಹಿರಿಯರನ್ನು ಕೇಳಿದೆ. "ಯಾವ ವಿಹಾರ?" ಅಂದ್ರು.