ಸ್ತ್ರೀವೇಷದ ಪರಂಪರೆ

1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಯಕ್ಷಗಾನ ಮೇಳವೊಂದು ಘಟ್ಟವೇರಿ ಹೋಗಿ ಸಾಂಗಲಿಯ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರ ಸಮ್ಮುಖದಲ್ಲಿ ಆಟವಾಡಿತೆಂಬುದೂ, ಅದನ್ನು ಮೆಚ್ಚಿದ ಅರಸರ ಅಪೇಕ್ಷೆಯಂತೆ ವಿಷ್ಣುದಾಸ ಭಾವೆಯವರು ಮರುವರ್ಷವೇ ಮರಾಠಿಯಲ್ಲಿ ‘ಸೀತಾಸ್ವಯಂವರ’ವನ್ನು ಪ್ರಯೋಗಿಸಿದರೆಂಬುದೂ ರಂಗಭೂಮಿಯ ಚರಿತ್ರೆಯನ್ನು ಓದಿದವರಿಗೆ ಪರಿಚಿತವಾದ ಸಂಗತಿ. ಪುರುಷನು ಸ್ತ್ರೀಪಾತ್ರವನ್ನು ಧರಿಸುವುದು ಮಹಾರಾಷ್ಟ್ರಕ್ಕೆ ಅಂದು ಹೊಸತಾಗಿರಲಿಲ್ಲ. ಅಲ್ಲಿನ ಜಾನಪದ ಆಟಗಳಾದ ತಮಾಷೆಯಲ್ಲಿಯೂ ದಶಾವತಾರಿಗಳಲ್ಲಿಯೂ ಆ ಪದ್ಧತಿ ಇದ್ದೇ ಇತ್ತು. ಆದರೂ ಹೆಣ್ತನವೆಂಬುದು ಅಭ್ಯಾಸದಿಂದ ಮೈಗೂಡಬಲ್ಲ ಒಂದು ವಿದ್ಯೆಯೆಂಬುದನ್ನು ನಮ್ಮ ಕರಾವಳಿಯ ಮೇಳಗಳಷ್ಟು ಕ್ರಮಬದ್ಧವಾಗಿ ಕಲಿಸಿದ ಶಾಲೆಗಳು ವಿರಳವೆಂದೇ ನಾನು ನಂಬುತ್ತೇನೆ.

ಯಕ್ಷಗಾನದ ಬಡಗುತಿಟ್ಟಿನ ಹಳೆಯ ಕ್ರಮದಲ್ಲಿ ಮೇಳ ಸೇರಿದ ಹುಡುಗನು ಮೊದಲು ಪೂರ್ವರಂಗದ ಕೋಡಂಗಿಯಾಗಿ, ಬಳಿಕ ಬಾಲಗೋಪಾಲನಾಗಿ, ತರುವಾಯ ಪೀಠಿಕೆಯ ಸ್ತ್ರೀವೇಷವಾಗಿ ಕುಣಿದು ಪಳಗಿದ ಮೇಲೆಯೇ ದೊಡ್ಡ ಪುರುಷವೇಷಗಳಿಗೆ ಅರ್ಹನೆನಿಸುತ್ತಿದ್ದನು. ಆದುದರಿಂದ ಗದೆಯೆತ್ತಿ ಆರ್ಭಟಿಸುವ ಭೀಮನೂ ಒಂದು ಕಾಲಕ್ಕೆ ಸೆರಗು ಸಾವರಿಸುವುದನ್ನೂ, ಹೆಜ್ಜೆಯನ್ನು ಮಿದುವಾಗಿಸುವುದನ್ನೂ, ದೃಷ್ಟಿಯನ್ನು ತಗ್ಗಿಸುವುದನ್ನೂ ಕಲಿತೇ ಬಂದವನು. ಹೆಣ್ಣು ಕೆಳಗಿನ ಮೆಟ್ಟಿಲು, ಗಂಡು ಮೇಲಿನದು ಎಂಬ ಲೋಕದ ತಾರತಮ್ಯವೂ ಈ ಏರಿಕೆಯಲ್ಲಿ ಅಡಗಿತ್ತೆಂಬುದನ್ನು ಮರೆಮಾಚಲಾಗದು. ಆದರೆ ಕೋಳ್ಯೂರು ರಾಮಚಂದ್ರರಾಯರಂತೆ ಸ್ತ್ರೀವೇಷವನ್ನೇ ಜೀವಿತದ ಸಾಧನೆಯಾಗಿ ಕೈಕೊಂಡವರೂ ಉಂಟು. ಪಾತಾಳ ವೆಂಕಟರಮಣ ಭಟ್ಟರಂತೂ ಬೇಲೂರಿನ ಶಿಲಾಬಾಲಿಕೆಯರ ಭಂಗಿಗಳನ್ನು ಅಭ್ಯಸಿಸಿ ತಮ್ಮ ಅಭಿನಯಕ್ಕೆ ಅಳವಡಿಸಿಕೊಂಡರು.

ಮೇಳದವರ ವೇಷವಿಭಾಗವನ್ನು ಪರಿಶೀಲಿಸಿದರೆ ಇನ್ನೂ ಗಹನವಾದ ಅಂಶವೊಂದು ಗೋಚರಿಸುತ್ತದೆ. ದಮಯಂತಿ ಚಂದ್ರಮತಿಯರಂಥ ಗರತಿಯರಿಗೆ ಸೀರೆಯ ಸಾದಾ ಸ್ತ್ರೀವೇಷ. ಬಿಲ್ಲು ಹಿಡಿದು ಅರ್ಜುನನನ್ನೇ ಎದುರಿಸುವ ಪ್ರಮೀಳೆಗೆ ಕಸೆ ಕಟ್ಟಿದ ಸ್ತ್ರೀವೇಷ. ಶೂರ್ಪನಖಿ ತಾಟಕಿಯರಿಗೆ ಹೆಣ್ಣುಬಣ್ಣ, ಅದೂ ರಾಕ್ಷಸಪಾತ್ರಗಳನ್ನು ವಹಿಸುವ ಬಣ್ಣದ ವೇಷಧಾರಿಗೇ ಸಲ್ಲತಕ್ಕದ್ದು. ದೇಹದಿಂದ ಈ ಮೂರು ಬಗೆಯವರೂ ಹೆಣ್ಣೇ. ಆದರೆ ತನ್ನ ಕಾಮನೆಯನ್ನು ಬಾಯಿಬಿಟ್ಟು ಹೇಳಿದ ಶೂರ್ಪನಖಿಯ ನಿಜರೂಪಕ್ಕೆ ಬಣ್ಣದ ಮನೆಯಾದ ಚೌಕಿಯಲ್ಲಿ ಸ್ತ್ರೀವೇಷದ ಪೆಟ್ಟಿಗೆ ತೆರೆಯುವುದಿಲ್ಲ. ಮೈಯನ್ನಲ್ಲ, ನಡತೆಯನ್ನು ನೋಡಿ ಹೆಣ್ತನವನ್ನು ಅಳೆದು ಕೊಡುವ ಸಮಾಜದ ಕಟ್ಟಳೆಯು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಬಣ್ಣದಲ್ಲಿ ಬರೆಯಲ್ಪಟ್ಟಿರಲಾರದು.

ಭಾವೆಯವರಿಂದ ಮೊದಲಾದ ಮರಾಠಿ ರಂಗಭೂಮಿಯು ಮುಂದೆ ಸಂಗೀತ ನಾಟಕವಾಗಿ ಬೆಳೆದಾಗ, 1888ರಲ್ಲಿ ಜನಿಸಿದ ನಾರಾಯಣ ಶ್ರೀಪಾದ ರಾಜಹಂಸರು ಬಾಲಗಂಧರ್ವರೆಂಬ ಹೆಸರಿನಿಂದ ಭಾಮಿನಿ, ರುಕ್ಮಿಣಿ, ಸಿಂಧು ಮೊದಲಾದ ಪಾತ್ರಗಳಲ್ಲಿ ಮೆರೆದರು. ಅವರು ಸೀರೆ ಉಟ್ಟ ಬಗೆ, ಹೂ ಮುಡಿದ ರೀತಿ, ತೊಟ್ಟ ಆಭರಣಗಳು ಪುಣೆ ಮುಂಬಯಿಗಳ ಸುಶಿಕ್ಷಿತ ಮನೆತನಗಳ ಸ್ತ್ರೀಯರಿಗೆ ಅನುಕರಣೀಯವಾದವು. ಮನೆಯ ಹೆಂಗಸನ್ನು ನೋಡಿ ಕಲಿತದ್ದನ್ನು ನಟನು ರಂಗದಲ್ಲಿ ಸಂಸ್ಕರಿಸಿ ತೋರಿಸಿದನು. ಅವಳಾದರೋ ಅವನನ್ನು ನೋಡಿ ತಾನು ಹೇಗಿರತಕ್ಕದ್ದೆಂಬುದನ್ನು ಪುನಃ ಕಲಿತಳು.

ಹೆಣ್ಣು ಹೆಣ್ಣಾಗಿ ಹುಟ್ಟುವುದಿಲ್ಲ, ಲೋಕವು ಆಕೆಯನ್ನು ಹಾಗೆ ರೂಪಿಸುತ್ತದೆಯೆಂದು ಫ್ರೆಂಚ್ ಚಿಂತಕಿ ಸಿಮೋನ್ ದ ಬೋವಾ 1949ರಲ್ಲಿ ಪ್ರತಿಪಾದಿಸಿದರು. ಲಿಂಗಭಾವವು ನಾವು ಹೊಂದಿರುವ ವಸ್ತುವಲ್ಲ, ಪರರೆದುರು ನಿತ್ಯವೂ ಎಸಗುವ ಆಚರಣೆಯೆಂದು ಅಮೆರಿಕೆಯ ಸಮಾಜಶಾಸ್ತ್ರಜ್ಞರಾದ ವೆಸ್ಟ್ ಮತ್ತು ಝಿಮ್ಮರ್‌ಮನ್ನರು 1987ರಲ್ಲಿ ವಾದಿಸಿದರು. ಮೇಳದ ಚರಿತ್ರೆಯು ಈ ಮಾತುಗಳಿಗೆ ಸಾಕ್ಷ್ಯವೇ ಸರಿ. ಆದರೆ ವೇಷಧಾರಿಯು ಬೆಳಗಿನ ಜಾವ ಬಣ್ಣ ಒರೆಸಿ ಗಂಡಸಿನ ಸಕಲ ಅಧಿಕಾರಗಳೊಡನೆ ಊರಿಗೆ ಹಿಂದಿರುಗುತ್ತಿದ್ದನು. ಅವನ ಮಡದಿಗೆ ಅಂಥದೊಂದು ಬೆಳಗು ಇರಲಿಲ್ಲ. ಆಚರಣೆಯೆಂಬ ಸಿದ್ಧಾಂತವು ಈ ಅಸಮತೆಯನ್ನು ತೂಗಿ ನೋಡದಿದ್ದರೆ ಅಪೂರ್ಣವೇ. ಹೆಣ್ಣಿನ ರೂಪವನ್ನು ಶತಮಾನಗಳ ಕಾಲ ಆದರಿಸಿದ ರಂಗಸ್ಥಳವು ಸ್ವತಃ ಹೆಣ್ಣನ್ನು ಹೊರಗೇ ನಿಲ್ಲಿಸಿದುದು ನನಗೆ ಇಂದಿಗೂ ನೋವಿನ ಸಂಗತಿ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಬಾಗಿಲು ನಿಧಾನವಾಗಿ ತೆರೆಯಿತು. ಲೀಲಾವತಿ ಬೈಪಾಡಿತ್ತಾಯರು ಯಕ್ಷಗಾನದ ಇನ್ನೊಂದು ಪ್ರಭೇದವಾದ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಹಾಡುಗಾರಿಕೆಯ ಭಾಗವತಿಕೆ ಮಾಡಿದರು. ಮಹಿಳಾ ತಂಡಗಳು ಹುಟ್ಟಿದವು. ಈ ತಂಡಗಳಲ್ಲಿ ಹುಡುಗಿಯರು ತರುಣ ವೀರರ ಪುಂಡುವೇಷವನ್ನೂ ಕಿರೀಟವೇಷವನ್ನೂ ಬಣ್ಣದ ವೇಷವನ್ನೂ ಕಟ್ಟುತ್ತಾರೆ. ಭುಜವನ್ನು ಅಗಲಿಸುವುದನ್ನೂ, ಮಂಡಿಯೂರಿ ಗಿರಕಿ ಹೊಡೆಯುವುದನ್ನೂ, ಸಭೆಯನ್ನು ನೇರವಾಗಿ ದಿಟ್ಟಿಸುವುದನ್ನೂ ಗುರುವಿನೆದುರು ದಿನದಿನವೂ ಸಾಧಿಸಿ, ಗಂಡಸುತನವೂ ತಾಳಕ್ಕೆ ಸರಿಯಾಗಿ ಕಲಿಯತಕ್ಕ ಪಾಠವೇ ಎಂಬುದನ್ನು ತೋರಿಸುತ್ತಿದ್ದಾರೆ.